ವ್ಯಾಪ್ತಿಯೂ ಹೊಣೆಯೂ: ವೇತನ ತಂತ್ರಾಂಶದ ಅನುಷ್ಠಾನವನ್ನು ಕುರಿತು

ವ್ಯಾಪಾರ ಸಂಸ್ಥೆಗಳಲ್ಲಿಯೂ ಸರ್ಕಾರದ ಇಲಾಖೆಗಳಲ್ಲಿಯೂ ಲೆಕ್ಕಪತ್ರ, ದಾಸ್ತಾನು, ವೇತನ ಮೊದಲಾದ ಕಾರ್ಯಗಳಿಗೆ ಗಣಕಯಂತ್ರವನ್ನು ಅಳವಡಿಸುವ ವಿಷಯವಾಗಿ ಬರೆಯುವವರು ಸಾಮಾನ್ಯವಾಗಿ ಯಂತ್ರದ ವೇಗವನ್ನು ಕುರಿತೋ ತಂತ್ರಾಂಶದ ಗುಣಾವಗುಣಗಳನ್ನು ಕುರಿತೋ ಬರೆಯುತ್ತಾರೆ. ಅನುಷ್ಠಾನವು ಕೆಟ್ಟುಹೋದ ನಿದರ್ಶನಗಳನ್ನು ಒಂದೊಂದಾಗಿ ತೆಗೆದು ನೋಡಿದರೆ, ಕೆಡುಕಿನ ಮೂಲವು ಬಹುಮಟ್ಟಿಗೆ ಕೆಲಸ ಆರಂಭವಾಗುವುದಕ್ಕೆ ಮುಂಚೆ ಬರೆಯಬೇಕಾಗಿದ್ದ ಕೆಲವು ಹಾಳೆಗಳಲ್ಲಿ ಕಂಡುಬರುತ್ತದೆ. ಆ ಹಾಳೆಗಳು ಉತ್ತರಿಸತಕ್ಕ ಪ್ರಶ್ನೆಗಳು ಎರಡು. ಯಾವ ಕೆಲಸ ಈ ಯೋಜನೆಯ ಒಳಗೆ, ಯಾವುದು ಹೊರಗೆ? ಅದನ್ನು ತೀರ್ಮಾನಿಸತಕ್ಕವರು ಯಾರು? ಮೊದಲನೆಯದನ್ನು ವ್ಯಾಪ್ತಿಯ ಪ್ರಶ್ನೆಯೆಂದೂ ಎರಡನೆಯದನ್ನು ತಂಡದ ಹೊಣೆಗಾರಿಕೆಯ ಪ್ರಶ್ನೆಯೆಂದೂ ಪಠ್ಯಪುಸ್ತಕಗಳು ಬೇರೆ ಬೇರೆ ಅಧ್ಯಾಯಗಳಲ್ಲಿ ವಿವರಿಸುವುದು ವಾಡಿಕೆ. ಇವೆರಡೂ ಒಂದೇ ಪ್ರಶ್ನೆಯ ಎರಡು ಮುಖಗಳು. ಒಂದನ್ನು ಬಿಟ್ಟು ಮತ್ತೊಂದಕ್ಕೆ ಉತ್ತರ ಕೊಡಲು ಬರುವುದಿಲ್ಲವೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ವಿವೇಚನೆಗೆ ವೇತನದ ಲೆಕ್ಕವನ್ನು ಆರಿಸಿಕೊಂಡಿದ್ದೇವೆ. ಸಂಬಳವೆಂದರೆ ಏನೆಂಬುದನ್ನು ಯಾವ ವಾಚಕರಿಗೂ ವಿವರಿಸಬೇಕಾಗಿಲ್ಲ. ಅದರ ಲೆಕ್ಕವು ಮೇಲುನೋಟಕ್ಕೆ ಸುಲಭ. ಒಳಹೊಕ್ಕು ನೋಡಿದರೆ ಮೂಲವೇತನ, ತುಟ್ಟಿಭತ್ಯ, ಮನೆಬಾಡಿಗೆ ಭತ್ಯ, ರಜೆ, ಮುಂಗಡ, ಕಟಾವು, ಹಿಂಬಾಕಿ ಎಂದು ಕವಲೊಡೆಯುತ್ತ ಹೋಗುತ್ತದೆ. ಮೇಲಾಗಿ ಅದು ಮುಂದೂಡಲು ಬಾರದ ಕೆಲಸ. ದಾಸ್ತಾನಿನ ಪಟ್ಟಿ ಒಂದು ವಾರ ತಡವಾದರೆ ಗೋದಾಮಿನವರು ಗೊಣಗಬಹುದು. ಸಂಬಳ ಒಂದು ವಾರ ತಡವಾದರೆ ಮನೆಯ ಬಾಡಿಗೆ ನಿಲ್ಲುತ್ತದೆ. ಆದುದರಿಂದ ಯೋಜನೆಯಲ್ಲಿ ಆದ ತಪ್ಪು ಇಲ್ಲಿ ಬೇಗನೆ ಬಯಲಾಗುತ್ತದೆ, ಮತ್ತು ಆ ತಪ್ಪಿಗೆ ಕಾರಣರಲ್ಲದವರ ಮೇಲೆ ಬೀಳುತ್ತದೆ.

ವ್ಯವಹಾರದ ಲೆಕ್ಕಕ್ಕೆ ಗಣಕಯಂತ್ರವನ್ನು ನಿತ್ಯದ ಕಾರ್ಯಕ್ರಮವಾಗಿ ಬಳಸಿದವರಲ್ಲಿ ಮೊದಲಿಗರು ಇಂಗ್ಲೆಂಡಿನ ಜೆ. ಲಯನ್ಸ್ ಎಂಬ ಸಂಸ್ಥೆಯವರು. ಅವರದು ಚಹಾದಂಗಡಿಗಳ, ರೊಟ್ಟಿ ಮತ್ತು ಕೇಕುಗಳ ವ್ಯಾಪಾರ. 1947ರಲ್ಲಿ ಅವರ ಕಛೇರಿಯ ಇಬ್ಬರು ಅಧಿಕಾರಿಗಳು, ಥಾಮ್ಸನ್ ಮತ್ತು ಸ್ಟ್ಯಾಂಡಿಂಗ್‌ಫರ್ಡ್ ಎಂಬವರು, ಅಮೆರಿಕಕ್ಕೆ ಹೋಗಿ ಅಲ್ಲಿನ ಹೊಸ ಲೆಕ್ಕಯಂತ್ರಗಳ ವಿಚಾರವನ್ನು ತಿಳಿದು ಬಂದರು. ಆಮೇಲೆ ಸಂಸ್ಥೆಯು ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಮಾರಿಸ್ ವಿಲ್ಕ್ಸ್ ಅವರು ನಿರ್ಮಿಸುತ್ತಿದ್ದ ಎಡ್‌ಸ್ಯಾಕ್ ಯಂತ್ರಕ್ಕೆ 3,000 ಪೌಂಡುಗಳ ನೆರವಿತ್ತು, ಅದರ ಮಾದರಿಯಲ್ಲಿ ತನ್ನದೇ ಯಂತ್ರವನ್ನು ಕಟ್ಟಿಸಿಕೊಂಡಿತು. ಅದರ ಹೆಸರು ಲಿಯೊ. 1951ರ ನವೆಂಬರಿನಲ್ಲಿ ಆ ಯಂತ್ರವು ತನ್ನ ಮೊದಲನೆಯ ನಿತ್ಯದ ಕೆಲಸವನ್ನು ಆರಂಭಿಸಿತು. ಸಾವಿರಾರು ಗುಮಾಸ್ತರಿದ್ದ ಆ ಸಂಸ್ಥೆ ಮೊದಲು ಯಂತ್ರಕ್ಕೆ ವಹಿಸಿದ್ದು ಬೇಕರಿಯಿಂದ ಹೊರಟ ಸರಕಿನ ಮೌಲ್ಯದ ವಾರದ ಲೆಕ್ಕವೊಂದನ್ನು ಮಾತ್ರ. ವೇತನದ ಲೆಕ್ಕವನ್ನು ಕೈಗೆತ್ತಿಕೊಳ್ಳಬೇಕೆಂಬ ಆಸೆ ಅವರಿಗೆ ಮೊದಲಿನಿಂದಲೂ ಇತ್ತು. ಒಬ್ಬ ನುರಿತ ಗುಮಾಸ್ತನಿಗೆ ಎಂಟು ನಿಮಿಷ ಹಿಡಿಯುತ್ತಿದ್ದ ಒಬ್ಬ ನೌಕರನ ಲೆಕ್ಕವನ್ನು ಲಿಯೊ ಒಂದೂವರೆ ಸೆಕೆಂಡಿನಲ್ಲಿ ಮುಗಿಸುತ್ತದೆಂಬ ಮಾತು ಮುಂದೆ ಬಹಳ ಪ್ರಚಾರ ಪಡೆಯಿತು. ಆದರೂ ಅವರು ಆತುರಪಡಲಿಲ್ಲ. ಯಂತ್ರ ನಂಬಿಕೆಗೆ ಯೋಗ್ಯವೆಂದು ಖಚಿತವಾಗುವ ತನಕ ಗುಮಾಸ್ತರ ಲೆಕ್ಕವನ್ನೂ ಯಂತ್ರದ ಲೆಕ್ಕವನ್ನೂ ಜೊತೆಜೊತೆಯಾಗಿ ನಡೆಸಿ, ಎರಡನ್ನೂ ತಾಳೆ ನೋಡಿ, 1954ರಲ್ಲಿ ಮಾತ್ರ ವೇತನವನ್ನು ಯಂತ್ರದ ವಶಕ್ಕೆ ಒಪ್ಪಿಸಿದರು. ಆಗಲೂ ಎಲ್ಲರನ್ನೂ ಒಮ್ಮೆಗೆ ಸೇರಿಸಲಿಲ್ಲ. ನೌಕರರ ಒಂದು ಗುಂಪಿನಿಂದ ಆರಂಭಿಸಿ ಹಂತಹಂತವಾಗಿ ವಿಸ್ತರಿಸಿದರು.

ಅದೇ ವರ್ಷ ಅವರು ಕೈಗೊಂಡ ಮತ್ತೊಂದು ಕೆಲಸವು ವ್ಯಾಪ್ತಿಯ ವಿಚಾರದಲ್ಲಿ ವೇತನಕ್ಕಿಂತಲೂ ಬೋಧಪ್ರದವಾಗಿದೆ. ಲಯನ್ಸ್ ಸಂಸ್ಥೆಯ ಪ್ರತಿಯೊಂದು ಚಹಾದಂಗಡಿಯ ಮೇಲ್ವಿಚಾರಕಿಯೂ ಮರುದಿನಕ್ಕೆ ಬೇಕಾದ ಪದಾರ್ಥಗಳ ಪಟ್ಟಿಯನ್ನು ಪ್ರತಿದಿನ ಬರೆದು ಕಳುಹಿಸಬೇಕಾಗಿತ್ತು. ಇದನ್ನು ಇದ್ದಂತೆಯೇ ಯಂತ್ರಕ್ಕೆ ಏರಿಸಿದ್ದರೆ, ಅಷ್ಟೂ ಅಂಗಡಿಗಳ ಅಷ್ಟೂ ಪಟ್ಟಿಗಳನ್ನು ಪ್ರತಿದಿನ ರಂಧ್ರಪತ್ರಗಳಿಗೆ ಇಳಿಸುವುದಕ್ಕೇ ಹೊಸದೊಂದು ಗುಮಾಸ್ತರ ಪಡೆ ಬೇಕಾಗುತ್ತಿತ್ತು. ಅವರು ಕೆಲಸದ ಸ್ವರೂಪವನ್ನೇ ಪರಿಶೀಲಿಸಿದರು. ಒಂದು ಅಂಗಡಿಗೆ ಸೋಮವಾರ ಬೇಕಾಗುವ ಪದಾರ್ಥಗಳು ವಾರದಿಂದ ವಾರಕ್ಕೆ ಹೆಚ್ಚಾಗಿ ಬದಲಾಗುವುದಿಲ್ಲ. ಆದುದರಿಂದ ವಾರದ ಒಂದೊಂದು ದಿನಕ್ಕೂ ಒಂದು ಸ್ಥಿರವಾದ ಪಟ್ಟಿಯನ್ನು ಯಂತ್ರದ ಕಡೆ ಇಟ್ಟುಕೊಂಡು, ಮೇಲ್ವಿಚಾರಕಿಯಿಂದ ಆ ದಿನದ ವ್ಯತ್ಯಾಸವನ್ನು ಮಾತ್ರ ದೂರವಾಣಿಯಲ್ಲಿ ಕೇಳಿ ಗುರುತು ಮಾಡಿಕೊಳ್ಳುವ ಏರ್ಪಾಡಾಯಿತು. ಒಳಗೆ ಬರುವ ವಿಷಯ ಅತ್ಯಲ್ಪವಾಯಿತು. ಅಂಗಡಿಯ ಹೆಂಗಸಿನ ಬರವಣಿಗೆಯ ಕೆಲಸವೂ ತಗ್ಗಿತು. ವ್ಯಾಪ್ತಿಯನ್ನು ನಿರ್ಣಯಿಸುವುದೆಂದರೆ ಇರುವ ಕೆಲಸಗಳ ಜಾಬಿತೆಯನ್ನು ಬರೆದು ಕೆಲವನ್ನು ಹೊಡೆದುಹಾಕುವುದೆಂದು ಭಾವಿಸಿರುವವರು ಈ ನಿದರ್ಶನವನ್ನು ಗಮನಿಸಬೇಕು. ಯಾವ ಕೆಲಸ ಏಕೆ ನಡೆಯುತ್ತಿದೆಯೆಂದು ಕೇಳಿದ ಮೇಲೆಯೇ ಗೆರೆಯನ್ನು ಎಳೆಯಲು ಬರುವುದು.

ಹೀಗೆ ಕೇಳುವ ಅಧಿಕಾರ ಲಯನ್ಸ್‌ನಲ್ಲಿ ಯಾರಿಗಿತ್ತು? ಈ ಪ್ರಶ್ನೆಯೇ ನಮ್ಮನ್ನು ಎರಡನೆಯ ಮುಖಕ್ಕೆ ಒಯ್ಯುತ್ತದೆ. ಸಂಸ್ಥೆಯ ಹಿರಿಯ ಅಧಿಕಾರಿಯಾಗಿದ್ದ ಜಾನ್ ಸಿಮನ್ಸ್ ಅವರು ಗಣಿತದಲ್ಲಿ ಕೇಂಬ್ರಿಜ್ ಪದವಿ ಪಡೆದವರು. ಗಣಕಯಂತ್ರದ ಸುದ್ದಿಯೇ ಇಲ್ಲದ 1930ರ ದಶಕದ ಆರಂಭದಲ್ಲಿ ಅವರು ಕಛೇರಿಯ ಕಾರ್ಯವಿಧಾನಗಳನ್ನು ಪರಿಶೀಲಿಸುವುದಕ್ಕೆಂದೇ ಒಂದು ವಿಭಾಗವನ್ನು ಸ್ಥಾಪಿಸಿದ್ದರು. ಯಂತ್ರ ಬಂದಾಗ ಅದರ ನಿರ್ಮಾಣದ ಹೊಣೆ ಜಾನ್ ಪಿಂಕರ್ಟನ್ ಎಂಬ ಎಂಜಿನಿಯರಿಗೆ ಹೋಯಿತು. ಅದರಿಂದ ಯಾವ ಕೆಲಸ ಮಾಡಿಸಬೇಕು, ಹೇಗೆ ಮಾಡಿಸಬೇಕು ಎಂಬುದರ ಹೊಣೆ ಆ ಕಾರ್ಯವಿಧಾನ ವಿಭಾಗದಿಂದಲೇ ಬಂದ ಡೇವಿಡ್ ಕ್ಯಾಮಿನರ್ ಅವರಿಗೆ ಹೋಯಿತು. ಕ್ಯಾಮಿನರ್ ಎಂಜಿನಿಯರಲ್ಲ, ಸಂಸ್ಥೆಯೊಳಗೇ ಬೆಳೆದು ಅದರ ಲೆಕ್ಕಪತ್ರಗಳ ಒಳಹೊರಗನ್ನು ಬಲ್ಲವರು. ಯಂತ್ರವನ್ನು ಬಲ್ಲವರು ಒಬ್ಬರು, ಕೆಲಸವನ್ನು ಬಲ್ಲವರು ಒಬ್ಬರು, ಇಬ್ಬರ ಮೇಲೂ ಮಾತು ನಡೆಯುವ ಯಜಮಾನರು ಒಬ್ಬರು: ಎಲ್ಲರೂ ಒಂದೇ ಸಂಸ್ಥೆಯವರು, ಒಂದೇ ಲಾಭನಷ್ಟಕ್ಕೆ ಭಾಗಿಗಳು. ಈ ಅನುಕೂಲವು ಇಂದು ದುರ್ಲಭ. ಇಂದು ತಂತ್ರಾಂಶ ಒಬ್ಬರದು, ಅಳವಡಿಸುವವರು ಇನ್ನೊಬ್ಬರು, ಕರಾರಿಗೆ ರುಜು ಹಾಕುವವರು ಮತ್ತೊಬ್ಬರು, ಬಳಸುವವರು ಬೇರೆಯೇ. ಲಯನ್ಸ್‌ನವರಿಗೆ ಸಹಜವಾಗಿ ಒದಗಿದ್ದನ್ನು ನಾವು ಕಾಗದದ ಮೇಲೆ ಬರೆದು ಏರ್ಪಡಿಸಿಕೊಳ್ಳಬೇಕಾಗಿದೆ. ಬರೆಯದಿದ್ದರೆ ಏನಾಗುತ್ತದೆಂಬುದಕ್ಕೆ ಆಸ್ಟ್ರೇಲಿಯದ ನಿದರ್ಶನವೊಂದನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ.

ಕ್ವೀನ್ಸ್‌ಲ್ಯಾಂಡ್ ಆಸ್ಟ್ರೇಲಿಯದ ಈಶಾನ್ಯ ಭಾಗದ ರಾಜ್ಯ; ವಿಸ್ತೀರ್ಣದಲ್ಲಿ ಸುಮಾರು ಒಂಬತ್ತು ಕರ್ನಾಟಕಗಳಷ್ಟು. ಅಲ್ಲಿನ ಸರ್ಕಾರಿ ಆಸ್ಪತ್ರೆಗಳನ್ನು ನಡೆಸುವ ಆರೋಗ್ಯ ಇಲಾಖೆಯಲ್ಲಿ ಸುಮಾರು 80,000 ಮಂದಿ ವೈದ್ಯರು, ದಾದಿಯರು, ಸಹಾಯಕರು ಕೆಲಸ ಮಾಡುತ್ತಿದ್ದರು. ಅವರ ವೇತನವನ್ನು ಲ್ಯಾಟಿಸ್ ಎಂಬ ಹಳೆಯ ತಂತ್ರಾಂಶ ಲೆಕ್ಕ ಹಾಕುತ್ತಿತ್ತು. ಅದನ್ನು ಮಾರಿದವರ ದುರಸ್ತಿಯ ನೆರವು 2008ರ ನಡುವಿಗೆ ನಿಲ್ಲುವುದರಲ್ಲಿತ್ತು. ಆ ವೇಳೆಗೆ ರಾಜ್ಯ ಸರ್ಕಾರವು ತನ್ನ ಎಲ್ಲ ಇಲಾಖೆಗಳ ಹಣಕಾಸು ಮತ್ತು ವೇತನದ ವ್ಯವಸ್ಥೆಯನ್ನು ಏಕರೂಪಗೊಳಿಸುವ ದೊಡ್ಡ ಯೋಜನೆಯೊಂದನ್ನು ಹಮ್ಮಿಕೊಂಡಿತ್ತು. ಅದನ್ನು ನೋಡಿಕೊಳ್ಳಲು ಕಾರ್ಪ್‌ಟೆಕ್ ಎಂಬ ಸರ್ಕಾರಿ ಘಟಕವಿತ್ತು. 2007ರ ಡಿಸೆಂಬರಿನಲ್ಲಿ ಐಬಿಎಂ ಸಂಸ್ಥೆಯನ್ನು ಪ್ರಧಾನ ಗುತ್ತಿಗೆದಾರರನ್ನಾಗಿ ನೇಮಿಸಿ ಕರಾರಾಯಿತು. ಹಳೆಯ ತಂತ್ರಾಂಶ ಕುಸಿಯುವ ಭಯವಿದ್ದುದರಿಂದ ಆರೋಗ್ಯ ಇಲಾಖೆಯ ವೇತನವನ್ನು ಮೊದಲು ಕೈಗೆತ್ತಿಕೊಳ್ಳುವುದೆಂದೂ, ಸದ್ಯಕ್ಕೆ ಹಂಗಾಮಿ ವ್ಯವಸ್ಥೆಯೊಂದನ್ನು ನಿಲ್ಲಿಸಿ ಮುಂದೆ ಪೂರ್ಣ ವ್ಯವಸ್ಥೆಗೆ ಹೋಗುವುದೆಂದೂ ನಿರ್ಧಾರವಾಯಿತು. ದಾದಿಯರ ಪಾಳಿಗಳನ್ನೂ ಹಾಜರಿಯನ್ನೂ ವರ್ಕ್‌ಬ್ರೇನ್ ಎಂಬ ತಂತ್ರಾಂಶ ನೋಡಿಕೊಳ್ಳುವುದು. ಹಣದ ಲೆಕ್ಕವನ್ನು ಸ್ಯಾಪ್ ತಂತ್ರಾಂಶ ನೋಡಿಕೊಳ್ಳುವುದು. ಈ ಭಾಗಕ್ಕೆ ಗೊತ್ತುಮಾಡಿದ ಮೊದಲ ಬೆಲೆ ಸುಮಾರು 62 ಲಕ್ಷ ಆಸ್ಟ್ರೇಲಿಯನ್ ಡಾಲರುಗಳು. ಮುಗಿಸಬೇಕಾಗಿದ್ದುದು 2008ರ ಮಧ್ಯಭಾಗದಲ್ಲಿ.

ಹಂಗಾಮಿಯೆಂಬ ಒಂದು ಪದವು ಇಲ್ಲಿ ಮಾಡಿದ ಅನರ್ಥವನ್ನು ಬಿಡಿಸಿ ನೋಡಬೇಕು. ವ್ಯವಸ್ಥೆ ಹಂಗಾಮಿಯಾದ್ದರಿಂದ ಅದರಲ್ಲಿ ಅತ್ಯಗತ್ಯವಾದಷ್ಟು ಮಾತ್ರ ಇದ್ದರೆ ಸಾಕೆಂದು ಅಳವಡಿಸುವವರು ತಿಳಿದರು. ಹಳೆಯ ತಂತ್ರಾಂಶ ಮಾಡುತ್ತಿದ್ದುದನ್ನೆಲ್ಲ ಹೊಸದು ಮಾಡಲೇಬೇಕೆಂದು ಬಳಸುವವರು ತಿಳಿದರು. ಎರಡು ತಿಳಿವಳಿಕೆಗಳಿಗೂ ಆ ಪದದಲ್ಲಿ ಎಡೆಯಿತ್ತು. ಹಳೆಯದು ಏನೇನು ಮಾಡುತ್ತಿತ್ತೆಂಬುದನ್ನು ಮಾತ್ರ ಯಾರೂ ಆಮೂಲಾಗ್ರವಾಗಿ ಬರೆದು ಇಡಲಿಲ್ಲ. ಆ ಇಲಾಖೆಯ ವೇತನಕ್ಕೆ ಆಧಾರವಾದ ಕಾಯಿದೆಗಳು, ತೀರ್ಪುಗಳು, ಕಾರ್ಮಿಕ ಒಪ್ಪಂದಗಳು ಹಲವು; ಭತ್ಯಗಳೇ 200ಕ್ಕೆ ಮೇಲೆ; ಇವೆಲ್ಲ ಒಂದರೊಡನೊಂದು ಕೂಡಿ ಆಗುವ ಲೆಕ್ಕದ ಬಗೆಗಳು 24,000ಕ್ಕೂ ಮಿಕ್ಕಿದ್ದವು. ರಾತ್ರಿಯ ಪಾಳಿ ಮುಗಿಸಿ ಭಾನುವಾರ ಮತ್ತೆ ಕರೆಯಿಸಿಕೊಂಡ, ಎರಡು ಆಸ್ಪತ್ರೆಗಳಲ್ಲಿ ಎರಡು ಹುದ್ದೆಗಳಿರುವ ಒಬ್ಬ ದಾದಿಗೆ ಎಷ್ಟು ಸಲ್ಲಬೇಕೆಂಬುದನ್ನು ಆ ಊರಿನ ಆಸ್ಪತ್ರೆಯ ವೇತನ ಗುಮಾಸ್ತೆ ಬಲ್ಲಳು. ಕರಾರಿನ ಹಾಳೆ ಬಲ್ಲುದಾಗಿರಲಿಲ್ಲ. ವ್ಯಾಪ್ತಿಯನ್ನು ಗುರುತಿಸುವುದಕ್ಕೆ ವಿನಿಯೋಗವಾದ ಕಾಲ ಕೆಲವು ವಾರಗಳು ಮಾತ್ರ.

ಪರಿಣಾಮವಾಗಿ ಕೆಲಸ ಆರಂಭವಾದ ಮೇಲೆ ವ್ಯಾಪ್ತಿಯ ವಾದ ಆರಂಭವಾಯಿತು. ಅವುಗಳಲ್ಲಿ ಒಂದು ವಾದ ಎಂತಹದೆಂದರೆ, ವೇತನದ ವೆಚ್ಚವು ಇಲಾಖೆಯ ಹಣಕಾಸಿನ ಲೆಕ್ಕಕ್ಕೆ ತಾನಾಗಿ ಹೋಗಿ ಸೇರುವುದು ಈ ಕೆಲಸದ ಒಳಗೋ ಹೊರಗೋ ಎಂಬುದು! ವೇತನ ಕೊಟ್ಟರೆ ಅದು ಯಾವುದಾದರೊಂದು ಖಾತೆಗೆ ಖರ್ಚು ಬೀಳಲೇಬೇಕೆಂಬುದು ಯಾವ ಲೆಕ್ಕಿಗನಿಗೂ ಹೊಸ ಮಾತಲ್ಲ. ಅದು ಇಲ್ಲದೆ ವ್ಯವಸ್ಥೆ ನಡೆಯಲಾರದೆಂದು ಇಲಾಖೆ, ಕರಾರಿನಲ್ಲಿ ಅದು ಇಲ್ಲವೆಂದು ಗುತ್ತಿಗೆದಾರರು. ಇಬ್ಬರ ಮಾತೂ ತಮ್ಮ ತಮ್ಮ ದೃಷ್ಟಿಯಿಂದ ಸರಿಯಾಗಿಯೇ ಇತ್ತೆಂಬುದು ಇದರಲ್ಲಿನ ಶೋಚನೀಯವಾದ ಅಂಶ. ಇಂತಹ ಬದಲಾವಣೆಯ ಕೋರಿಕೆಗಳು ಒಂದರ ಮೇಲೊಂದು ಬಂದವು. ದಿನಾಂಕಗಳು ಮತ್ತೆ ಮತ್ತೆ ಮುಂದೆ ಸರಿದವು. 62 ಲಕ್ಷ ಡಾಲರಿನ ಕೆಲಸ ಎರಡೂವರೆ ಕೋಟಿಯನ್ನು ದಾಟಿತು.

ವಾದವನ್ನು ತೀರಿಸಬೇಕಾಗಿದ್ದವರು ಯಾರು? ಕರಾರಿಗೆ ಸರ್ಕಾರದ ಪರವಾಗಿ ನಿಂತಿದ್ದುದು ಕಾರ್ಪ್‌ಟೆಕ್. ಅದಕ್ಕೆ ಆಸ್ಪತ್ರೆಗಳ ವೇತನದ ಒಳಮರ್ಮ ತಿಳಿಯದು. ಒಳಮರ್ಮ ತಿಳಿದಿದ್ದುದು ಆರೋಗ್ಯ ಇಲಾಖೆ. ಗುತ್ತಿಗೆದಾರರಿಗೆ ಆಜ್ಞೆ ಮಾಡುವ ಅಧಿಕಾರ ಅದಕ್ಕಿಲ್ಲ. ಗುತ್ತಿಗೆದಾರರಿಗೆ ತಮ್ಮ ಗಿರಾಕಿ ಯಾರೆಂಬುದೇ ನಿಜವಾದ ಅರ್ಥದಲ್ಲಿ ಸ್ಪಷ್ಟವಿರಲಿಲ್ಲ. ಸಮಿತಿಗಳಿಗೆ ಕೊರತೆಯಿರಲಿಲ್ಲ. ಎಲ್ಲರೂ ಸೇರಿ ಕುಳಿತು ಒಪ್ಪುವುದಕ್ಕೆ ಸಮಿತಿಗಳಿದ್ದವು. ಒಪ್ಪದಿದ್ದಾಗ ಒಬ್ಬರೇ ನಿರ್ಣಯಿಸಿ, ಆ ನಿರ್ಣಯದ ಫಲವನ್ನು ತಾವೇ ಹೊರಬೇಕಾದ ವ್ಯಕ್ತಿ ಇರಲಿಲ್ಲ. ವ್ಯಾಪ್ತಿಯು ಅಸ್ಥಿರವಾಗಿ ಉಳಿದುದಕ್ಕೆ ಇದೇ ಕಾರಣ. ಗೆರೆಯನ್ನು ಎಳೆಯುವ ಕೈ ಯಾವುದೆಂದು ಗೊತ್ತಿಲ್ಲದಲ್ಲಿ ಗೆರೆ ನಿಲ್ಲುವುದು ಹೇಗೆ?

ಪರೀಕ್ಷೆಯ ಕಾಲದಲ್ಲಿ ಈ ದೋಷ ಮತ್ತೊಂದು ರೂಪದಲ್ಲಿ ತಲೆದೋರಿತು. ಬಳಸುವವರ ಪರೀಕ್ಷೆಯಲ್ಲಿ ತಪ್ಪುಗಳು ನಿರೀಕ್ಷೆಗೆ ಮೀರಿ ಹೊರಬಿದ್ದವು. ಇಂತಿಷ್ಟು ತೀವ್ರತೆಯ ತಪ್ಪುಗಳು ಉಳಿದಿದ್ದರೆ ಮುಂದಿನ ಹೆಜ್ಜೆ ಇಡಬಾರದೆಂಬ ನಿಯಮವಿತ್ತು. ತಪ್ಪುಗಳನ್ನು ತಿದ್ದುವುದರ ಜೊತೆಗೆ ತೀವ್ರತೆಯ ವ್ಯಾಖ್ಯೆಯನ್ನೂ ತಿದ್ದಲಾಯಿತು. ಮೊದಲು ಗಂಭೀರವೆನಿಸಿದ್ದ ಕೆಲವು ತಪ್ಪುಗಳು ಹೀಗೆ ಕೆಳಗಿನ ವರ್ಗಕ್ಕೆ ಇಳಿದವು. ಹಳೆಯ ಲೆಕ್ಕವನ್ನೂ ಹೊಸ ಲೆಕ್ಕವನ್ನೂ ಎಲ್ಲ ನೌಕರರಿಗೆ, ಎಲ್ಲ ಬಗೆಯ ಭತ್ಯಗಳೊಡನೆ, ಪೂರ್ಣವಾಗಿ ಅಕ್ಕಪಕ್ಕದಲ್ಲಿಟ್ಟು ತಾಳೆ ನೋಡುವ ಕೆಲಸ ನಡೆಯಲಿಲ್ಲ. ಅರ್ಧ ಶತಮಾನಕ್ಕೂ ಹಿಂದೆ ಚಹಾದಂಗಡಿಯವರು ತಿಂಗಳುಗಟ್ಟಲೆ ಮಾಡಿದ್ದುದು ಇದನ್ನೇ.

2010ರ ಮಾರ್ಚ್ 14ರಂದು ಹೊಸ ವ್ಯವಸ್ಥೆ ಚಾಲನೆಗೆ ಬಂತು. ಅಲ್ಲಿ ವೇತನ ಎರಡು ವಾರಕ್ಕೊಮ್ಮೆ. ಮೊದಲ ಬಟವಾಡೆಯಲ್ಲಿಯೇ ಅನೇಕರಿಗೆ ಸಂಬಳ ಬರಲಿಲ್ಲ. ಅನೇಕರಿಗೆ ಕಡಿಮೆ ಬಂತು. ಇನ್ನೂ ಕೆಲವರಿಗೆ ಹೆಚ್ಚು ಬಂತು. ಹೆಚ್ಚು ಬಂದುದು ಅದೃಷ್ಟವೆಂದು ವಾಚಕರು ಭಾವಿಸಬಾರದು. ಆ ಹಣವನ್ನು ವರ್ಷಗಳ ತರುವಾಯ ಹಿಂದಕ್ಕೆ ಕೇಳಲಾಯಿತು, ಅಂತಹ ಮೊತ್ತ 2012ರ ವೇಳೆಗೆ 10 ಕೋಟಿ ಡಾಲರನ್ನು ಮೀರಿತ್ತು. ಇದೇ ಸಮಯದಲ್ಲಿ ವೇತನದ ಗುಮಾಸ್ತರನ್ನು ಆಸ್ಪತ್ರೆಗಳಿಂದ ತೆಗೆದು ಕೆಲವು ಕೇಂದ್ರಗಳಲ್ಲಿ ಕೂಡಿಸಲಾಗಿತ್ತು. ತಂತ್ರಾಂಶದ ಯೋಜನೆಗೆ ಇದು ಸೇರಿದ್ದಲ್ಲವೆಂದು ಯಾರಾದರೂ ಹೇಳಬಹುದು. ಆದರೆ ತಪ್ಪಾದಾಗ ಪಕ್ಕದ ಕೋಣೆಗೆ ಹೋಗಿ ಕೇಳುತ್ತಿದ್ದ ದಾದಿಗೆ ಈಗ ಕೇಳಲು ಯಾರೂ ಇರಲಿಲ್ಲ, ಪಾಳಿಯ ಬದಲಾವಣೆಯ ನಮೂನೆಗಳು ಫ್ಯಾಕ್ಸ್ ಮೂಲಕ ದೂರದ ಕೇಂದ್ರಕ್ಕೆ ಹೋಗಿ ರಾಶಿ ಬೀಳುತ್ತಿದ್ದವು. ಸಂಬಳವನ್ನು ಸರಿಯಾಗಿ ಬಟವಾಡೆ ಮಾಡಲು ಒಂದು ಸಾವಿರಕ್ಕೂ ಹೆಚ್ಚು ಮಂದಿ ಪ್ರತಿ ಎರಡು ವಾರಕ್ಕೆ ಸುಮಾರು 92,000 ನಮೂನೆಗಳನ್ನು ಕೈಯಿಂದ ಪರಿಷ್ಕರಿಸಬೇಕಾಯಿತೆಂದು 2012ರ ಒಂದು ಪರಿಶೀಲನೆ ತಿಳಿಸಿತು. ವ್ಯವಸ್ಥೆಯನ್ನು ನಿಲ್ಲಿಸಿ, ತಿದ್ದಿ, ನಡೆಸುವ ಒಟ್ಟು ವೆಚ್ಚವನ್ನು ಸುಮಾರು 120 ಕೋಟಿ ಡಾಲರುಗಳೆಂದು ಅಂದಾಜು ಮಾಡಲಾಯಿತು.

ನಿವೃತ್ತ ನ್ಯಾಯಾಧೀಶ ರಿಚರ್ಡ್ ಚೆಸ್ಟರ್‌ಮನ್ ಅವರ ವಿಚಾರಣಾ ಆಯೋಗವು 2013ರಲ್ಲಿ ವರದಿ ಸಲ್ಲಿಸಿ, ಇದು ಆ ದೇಶದ ಸಾರ್ವಜನಿಕ ಆಡಳಿತದ ವೈಫಲ್ಯಗಳಲ್ಲಿ ಮೊದಲ ಸಾಲಿಗೆ ಸೇರತಕ್ಕದ್ದೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿತು. ತನಗೆ ಏನು ಬೇಕೆಂಬುದನ್ನು ಸರ್ಕಾರ ನಿರ್ದಿಷ್ಟವಾಗಿ ಹೇಳದೆ ಹೋದುದು ಆಯೋಗ ಎತ್ತಿ ತೋರಿಸಿದ ದೋಷಗಳಲ್ಲಿ ಮುಖ್ಯವಾದದ್ದು. ಸರ್ಕಾರ ಗುತ್ತಿಗೆದಾರರ ಮೇಲೆ ದಾವೆ ಹೂಡಿತು. 2010ರಲ್ಲಿ ಎರಡು ಪಕ್ಷಗಳೂ ಮಾಡಿಕೊಂಡಿದ್ದ ಒಪ್ಪಂದವೇ ಅದಕ್ಕೆ ಅಡ್ಡಿಯೆಂದು 2015ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ತಪ್ಪು ಯಾರದೆಷ್ಟು ಎಂಬ ವಿಚಾರವನ್ನು ಇಲ್ಲಿ ಮುಂದುವರಿಸುವುದಿಲ್ಲ. ಯೋಜನೆಯನ್ನು ಬರೆಯುವವರಿಗೆ ಇದರಿಂದ ದೊರೆಯುವ ಸೂಚನೆಗಳಿಗೆ ಬರೋಣ.

ವ್ಯಾಪ್ತಿಯ ಪತ್ರವು ಕೇವಲ ಕಾರ್ಯಗಳ ಪಟ್ಟಿಯಾಗಿದ್ದರೆ ಸಾಲದು. ವೇತನದ ನಿದರ್ಶನದಲ್ಲಿಯೇ ಹೇಳುವುದಾದರೆ: ಯಾವ ಯಾವ ವರ್ಗದ ನೌಕರರು ಇದರಲ್ಲಿ ಸೇರುತ್ತಾರೆ, ದಿನಗೂಲಿಯವರೂ ನಿಯೋಜನೆಯ ಮೇಲೆ ಬಂದವರೂ ಸೇರುತ್ತಾರೆಯೆ, ಹಳೆಯ ಕಡತಗಳಲ್ಲಿ ಎಷ್ಟು ವರ್ಷಗಳ ವಿವರ ಹೊಸದಕ್ಕೆ ಬರುತ್ತದೆ, ಬಾಕಿ ಮುಂಗಡಗಳೂ ಉಳಿದ ರಜೆಗಳೂ ಯಾವ ದಿನದ ಲೆಕ್ಕದಂತೆ ಬರುತ್ತವೆ, ಈ ವ್ಯವಸ್ಥೆ ಹಾಜರಿಯಿಂದ ಏನನ್ನು ಪಡೆಯುತ್ತದೆ, ಖಜಾನೆಗೂ ಬ್ಯಾಂಕಿಗೂ ಏನನ್ನು ಕೊಡುತ್ತದೆ. ಇಷ್ಟನ್ನೂ ಅದು ಹೇಳಬೇಕು. ಎರಡು ವ್ಯವಸ್ಥೆಗಳು ಸಂಧಿಸುವ ಈ ಎಡೆಗಳಲ್ಲಿಯೇ ವಾದ ಹುಟ್ಟುವುದು ಹೆಚ್ಚು, ಏಕೆಂದರೆ ಅವುಗಳನ್ನು ಇತ್ತಲಿನವರು ಅತ್ತಲಿನವರ ಕೆಲಸವೆಂದೂ ಅತ್ತಲಿನವರು ಇತ್ತಲಿನವರ ಕೆಲಸವೆಂದೂ ತಿಳಿದಿರುತ್ತಾರೆ. ಹೊರಗೆ ಉಳಿದುದನ್ನು ಬೇರೆ ಹಾಳೆಯಲ್ಲಿ ಹೆಸರಿಸಿ ಬರೆಯುವುದು ಒಳ್ಳೆಯ ಪದ್ಧತಿ. ನಮ್ಮ ಅನುಭವದಲ್ಲಿ ಒಳಗಿರುವುದರ ಪಟ್ಟಿಯನ್ನು ಎಲ್ಲರೂ ತಲೆಯಾಡಿಸುತ್ತ ಓದುತ್ತಾರೆ. ಹೊರಗಿರುವುದರ ಪಟ್ಟಿಯನ್ನು ಓದುವಾಗ ಮಾತ್ರ ಯಾರಾದರೊಬ್ಬರು ತಡೆದು ಪ್ರಶ್ನೆ ಕೇಳುತ್ತಾರೆ. ಹಳೆಯದು ಮಾಡುತ್ತಿದ್ದುದನ್ನೆಲ್ಲ ಮಾಡತಕ್ಕದ್ದು, ಅವಶ್ಯವಾದ ವರದಿಗಳನ್ನು ಒದಗಿಸತಕ್ಕದ್ದು, ಹಂಗಾಮಿಯಾಗಿ ಸಾಕಾಗುವಷ್ಟು ಇರತಕ್ಕದ್ದು ಎಂಬಂತಹ ವಾಕ್ಯಗಳು ಪತ್ರದಲ್ಲಿ ಕಂಡುಬಂದರೆ ಅಲ್ಲಿ ಕೆಲಸ ಇನ್ನೂ ಮುಗಿದಿಲ್ಲವೆಂದು ತಿಳಿಯತಕ್ಕದ್ದು.

ಇನ್ನು ತಂಡದ ವಿಚಾರ. ಯೋಜನೆಗೆ ಯಜಮಾನರೊಬ್ಬರು ಬೇಕು. ಅವರು ಆ ಕೆಲಸದಿಂದ ಲಾಭನಷ್ಟ ಹೊಂದುವ ಇಲಾಖೆಯವರೇ ಆಗಿರಬೇಕು, ಹಣ ಬಿಡುಗಡೆ ಮಾಡುವ ಅಧಿಕಾರವೂ ಬೇಡವೆನ್ನುವ ಅಧಿಕಾರವೂ ಉಳ್ಳವರಾಗಿರಬೇಕು. ಗಣಕ ವಿಭಾಗದ ಮುಖ್ಯಸ್ಥರನ್ನು ಈ ಸ್ಥಾನಕ್ಕೆ ಕೂಡಿಸುವುದು ಸಾಮಾನ್ಯವಾದ ತಪ್ಪು. ವೇತನ ತಪ್ಪಿದರೆ ನೌಕರರು ಬಂದು ನಿಲ್ಲುವುದು ಅವರ ಬಾಗಿಲಲ್ಲಿ ಅಲ್ಲ. ಯಜಮಾನರ ಕೆಳಗೆ ದಿನದಿನದ ಕೆಲಸವನ್ನು ನಡೆಸುವ ಯೋಜನಾಧಿಕಾರಿಗಳು ಎರಡು ಪಕ್ಷಗಳಿಂದಲೂ ಒಬ್ಬೊಬ್ಬರು ಇರುತ್ತಾರೆ. ಅವರ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ಎಲ್ಲ ಪುಸ್ತಕಗಳೂ ಹೇಳುತ್ತವೆ.

ಪುಸ್ತಕಗಳು ಸಾಕಷ್ಟು ಹೇಳದೆ ಇರುವುದು ಕೆಲಸ ಬಲ್ಲವರ ವಿಷಯ. ಪ್ರತಿಯೊಂದು ಕಛೇರಿಯಲ್ಲಿಯೂ ನಿಯಮಾವಳಿಯನ್ನು ಬಾಯಿಪಾಠವಾಗಿ ಬಲ್ಲ, ನಿಯಮಾವಳಿಯಲ್ಲಿ ಇಲ್ಲದ ರೂಢಿಗಳನ್ನೂ ಬಲ್ಲ ಒಬ್ಬ ಹಳೆಯ ಗುಮಾಸ್ತರೋ ಮೇಲ್ವಿಚಾರಕರೋ ಇರುತ್ತಾರೆ. ತಂಡಕ್ಕೆ ಬೇಕಾದವರು ಅವರೇ. ಆದರೆ ತಂಡಕ್ಕೆ ಜನರನ್ನು ಕೊಡಿರೆಂದು ಕೇಳಿದಾಗ ಇಲಾಖೆಗಳು ಕಳುಹಿಸುವುದು ಅವರನ್ನಲ್ಲ. ಯಾರಿಲ್ಲದಿದ್ದರೂ ಕೆಲಸ ನಡೆಯುತ್ತದೆಯೋ ಅವರನ್ನು. ಇದು ಮನುಷ್ಯಸ್ವಭಾವ, ದೂಷಿಸಿ ಫಲವಿಲ್ಲ. ಯಜಮಾನರು ಹೆಸರು ಹಿಡಿದು ಕೇಳಬೇಕು, ಅವರ ಜಾಗಕ್ಕೆ ಬದಲಿ ಸಿಬ್ಬಂದಿಯನ್ನು ಯೋಜನೆಯ ಹಣದಿಂದಲೇ ಒದಗಿಸಬೇಕು. ಆ ವೆಚ್ಚವನ್ನು ಅಂದಾಜಿನಲ್ಲಿ ಮೊದಲೇ ಸೇರಿಸಬೇಕು. ಸಂಬಳ ಕೊಡುವ ವಾರದಲ್ಲಿ ತಮ್ಮ ಮೇಜಿನ ಕೆಲಸವನ್ನೂ ಮಾಡಿ, ಉಳಿದ ವೇಳೆಯಲ್ಲಿ ತಂಡಕ್ಕೂ ನೆರವಾಗಿರೆಂದು ಹೇಳಿದರೆ ಆ ಉಳಿದ ವೇಳೆ ಎಂದೂ ಬರುವುದಿಲ್ಲ.

ಕೆಲಸ ಬಲ್ಲವರ ಮಾತನ್ನು ತಂತ್ರಾಂಶ ರಚಿಸುವವರಿಗೆ ತಿಳಿಯುವಂತೆ ಬರೆಯತಕ್ಕವರು ವಿಶ್ಲೇಷಕರು. ಕ್ಯಾಮಿನರ್ ಅವರು ಮಾಡಿದ ಕೆಲಸ ಇದೇ. ಅವರ ತಂಡದಲ್ಲಿ ಒಬ್ಬರು ಬರೆದ ಕ್ರಮವಿಧಿಯನ್ನು ಮತ್ತೊಬ್ಬರು ಓದಿ ತಪ್ಪು ಹುಡುಕುವುದು ಕಡ್ಡಾಯವಾಗಿತ್ತು. ಹಳೆಯ ವಿವರಗಳನ್ನು ಶುದ್ಧಮಾಡಿ ಒಪ್ಪಿಸುವ ಹೊಣೆ ಬಳಸುವ ಇಲಾಖೆಯದೇ ಆಗಿರಬೇಕು. ಒಬ್ಬ ನೌಕರನ ಜನ್ಮದಿನಾಂಕ ಎರಡು ಕಡತಗಳಲ್ಲಿ ಎರಡು ಬಗೆಯಾಗಿದ್ದರೆ ಯಾವುದು ಸರಿಯೆಂದು ಹೊರಗಿನವರು ಹೇಳಲಾರರು. ಪರೀಕ್ಷೆಯ ಹೊಣೆಯು ರಚಿಸಿದವರ ಕೈಯಲ್ಲಿಯೂ ಇರಬಾರದು, ದಿನಾಂಕಕ್ಕೆ ಉತ್ತರ ಹೇಳಬೇಕಾದ ಯೋಜನಾಧಿಕಾರಿಯ ಕೈಯಲ್ಲಿಯೂ ಇರಬಾರದು. ಪರೀಕ್ಷಕರ ಉತ್ತೀರ್ಣತೆಯ ನಿಯಮವನ್ನು ಪರೀಕ್ಷೆ ಆರಂಭವಾಗುವ ಮುಂಚೆ ಬರೆದು, ಅದನ್ನು ಬದಲಾಯಿಸುವ ಅಧಿಕಾರವನ್ನು ಯಜಮಾನರೊಬ್ಬರಿಗೇ, ಲಿಖಿತ ಕಾರಣದೊಡನೆ, ಕೊಡಬೇಕು.

ಸರ್ಕಾರದ ಕಾರ್ಯದಲ್ಲಿ ಇಂತಹ ಏರ್ಪಾಡು ಸಾಧ್ಯವೇ ಎಂಬ ಸಂದೇಹಕ್ಕೆ ನಮ್ಮ ರಾಜ್ಯದಲ್ಲಿಯೇ ಉತ್ತರವಿದೆ. ತೊಂಬತ್ತರ ದಶಕದಲ್ಲಿ ಭೂದಾಖಲೆಗಳನ್ನು ಗಣಕಕ್ಕೆ ಏರಿಸುವ ಪ್ರಯತ್ನಗಳು ನಡೆದಿದ್ದವು. ಪಹಣಿಗಳನ್ನು ಏರಿಸಿದರೂ ಖಾತೆಯ ಬದಲಾವಣೆಗಳು ತಾಲ್ಲೂಕಿನಲ್ಲಿ ಕೈಬರಹದಲ್ಲಿಯೇ ಮುಂದುವರಿದುದರಿಂದ ಏರಿಸಿದ ವಿವರ ಬೇಗನೆ ಹಳತಾಯಿತು. ಅನಂತರ 2000ದ ಆಸುಪಾಸಿನಲ್ಲಿ ಆರಂಭವಾದ ‘ಭೂಮಿ’ ಯೋಜನೆಯು ವ್ಯಾಪ್ತಿಯನ್ನು ಬೇರೆ ರೀತಿಯಲ್ಲಿ ಕತ್ತರಿಸಿತು. ನಕ್ಷೆಗಳನ್ನೂ ನೋಂದಣಿಯನ್ನೂ ಅದು ಮೊದಲಿಗೆ ಮುಟ್ಟಲಿಲ್ಲ. ಅವು ‘ಮೋಜಿಣಿ’, ‘ಕಾವೇರಿ’ ಎಂಬ ಬೇರೆ ವ್ಯವಸ್ಥೆಗಳಾಗಿ ಬೆಳೆದು ತರುವಾಯ ಇದರೊಡನೆ ಜೋಡಣೆಯಾದವು. ಪಹಣಿಯನ್ನು ಮಾತ್ರ, ಅದರ ಬದಲಾವಣೆಯ ವಿಧಿಯನ್ನೂ ಸೇರಿಸಿಕೊಂಡು, ಸಂಪೂರ್ಣವಾಗಿ ಕೈಗೆತ್ತಿಕೊಂಡಿತು. ಸುಮಾರು 2 ಕೋಟಿ ಪಹಣಿಗಳ ಕೆಲಸವದು. ಗ್ರಾಮಲೆಕ್ಕಿಗರು ಪರಿಶೀಲಿಸತಕ್ಕದ್ದು, ತಾಲ್ಲೂಕಿನ ನಿಯೋಜಿತ ಅಧಿಕಾರಿ ಬೆರಳ ಗುರುತು ಕೊಟ್ಟು ಒಪ್ಪತಕ್ಕದ್ದು ಎಂದು ಪ್ರತಿಯೊಂದು ಹೆಜ್ಜೆಗೂ ಒಬ್ಬೊಬ್ಬರ ಹೊಣೆ ಗೊತ್ತಾಯಿತು; ಅರ್ಜಿಗಳು ಬಂದ ಸರದಿಯಲ್ಲಿಯೇ ಇತ್ಯರ್ಥವಾಗತಕ್ಕದ್ದೆಂದಾಯಿತು. ಒಂದು ತಾಲ್ಲೂಕಿನಲ್ಲಿ ಹೊಸ ವ್ಯವಸ್ಥೆ ನೆಲೆಗೊಂಡ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸರ್ಕಾರ ಪ್ರಕಟಿಸಿತು. ಈ ಯೋಜನೆಗೂ ದೋಷಗಳಿಲ್ಲವೆಂದಲ್ಲ. ಹಳೆಯ ತಪ್ಪುಗಳು ಗಣಕಕ್ಕೂ ಇಳಿದುವೆಂಬ ರೈತರ ದೂರಿನಲ್ಲಿ ಸತ್ಯಾಂಶವಿದೆ. ಆದರೆ ಗೆರೆಯನ್ನು ಎಳೆದವರು ಯಾರು, ಆ ಗೆರೆಯ ಒಳಗಿನ ಪ್ರತಿಯೊಂದು ರುಜುವೂ ಯಾರದು ಎಂಬ ವಿಷಯದಲ್ಲಿ ಅಲ್ಲಿ ಗೊಂದಲವಿರಲಿಲ್ಲ.

ಕಡೆಯದಾಗಿ ಬದಲಾವಣೆಯ ಕೋರಿಕೆಗಳ ಬಗ್ಗೆ ಎರಡು ಮಾತು. ವ್ಯಾಪ್ತಿಯನ್ನು ಎಷ್ಟೇ ಶ್ರಮದಿಂದ ಬರೆದರೂ ಬಿಟ್ಟುಹೋದದ್ದು ಇದ್ದೇ ಇರುತ್ತದೆ. ನಡುವೆ ಸರ್ಕಾರ ಹೊಸ ಭತ್ಯವೊಂದನ್ನು ಘೋಷಿಸಬಹುದು. ಕೋರಿಕೆಯೊಂದು ಬಂದಾಗ ಅದು ಕರಾರಿನಲ್ಲಿ ಇದೆಯೇ ಇಲ್ಲವೇ ಎಂಬ ಪ್ರಶ್ನೆಯನ್ನು ಮೊದಲು ಎತ್ತಿಕೊಂಡರೆ ಕಾಲವೆಲ್ಲ ವಕೀಲಿಕೆಯಲ್ಲಿ ಹೋಗುತ್ತದೆ. ಇದಿಲ್ಲದೆ ಮೊದಲ ಸಂಬಳದ ದಿನ ಯಾರಿಗೆ ಎಷ್ಟು ತಪ್ಪುತ್ತದೆ ಎಂಬುದನ್ನು ಕೆಲಸ ಬಲ್ಲವರು ಬರೆದು ಕೊಡಲಿ. ಎಷ್ಟು ದಿನ, ಎಷ್ಟು ಹಣ ಎಂಬುದನ್ನು ರಚಿಸುವವರು ಬರೆದು ಕೊಡಲಿ. ಯಜಮಾನರು ಗೊತ್ತಾದ ದಿನಗಳೊಳಗೆ ಹೂಂ ಎನ್ನಲಿ ಅಥವಾ ಬೇಡವೆನ್ನಲಿ. ಹಣ ಯಾರ ಪಾಲಿಗೆ ಬೀಳಬೇಕೆಂಬ ವಿವಾದವನ್ನು ಬೇರೆಯಾಗಿ ನಡೆಸಬಹುದು. ಮುಂದಿನ ಹಂತಕ್ಕೆ ಬಿಟ್ಟ ಕೋರಿಕೆಗಳಿಗೆ ಮುಂದಿನ ಹಂತವೊಂದು ನಿಜವಾಗಿ ಇದೆಯೇ, ಅದಕ್ಕೆ ಹಣ ಮಂಜೂರಾಗಿದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಬೇಕು. ಕ್ವೀನ್ಸ್‌ಲ್ಯಾಂಡಿನಲ್ಲಿ ಪೂರ್ಣ ವ್ಯವಸ್ಥೆ ಬರುವ ತನಕವೆಂದು ನಿಲ್ಲಿಸಿದ ಹಂಗಾಮಿ ವ್ಯವಸ್ಥೆಯ ಹಿಂದೆ ಆ ಪೂರ್ಣ ವ್ಯವಸ್ಥೆ ಬರಲಿಲ್ಲ. ಎಲ್ಲ ಇಲಾಖೆಗಳನ್ನೂ ಒಳಗೊಳ್ಳಬೇಕಾಗಿದ್ದ ಯೋಜನೆಯೇ ನಿಂತುಹೋಯಿತು, ಹಂಗಾಮಿಯಾಗಿ ಬಂದದ್ದು ವರ್ಷಗಟ್ಟಲೆ ಉಳಿದು ಆಸ್ಪತ್ರೆಗಳ ಸಂಬಳವನ್ನು ಲೆಕ್ಕ ಹಾಕುತ್ತಲೇ ಇತ್ತು.